ಕಬ್ಬಿನ ಬದುವಿನ ಮೇಲೆ ಟೆಂಡರಿನ ಮಾತು

ಹಂಗಾಮಿನ ದಿನಗಳಲ್ಲಿ ಹವಳಗಾಕ್ಕೆ ಬರುವವರಿಗೆ ಊರಿಗಿಂತ ಮೊದಲು ಸಕ್ಕರೆ ಕಾರ್ಖಾನೆಯ ವಾಸನೆ ಎದುರಾಗುತ್ತದೆ. ಕಾಕಂಬಿಯ ಸಿಹಿ, ಅದರೊಳಗೆ ಸ್ವಲ್ಪ ಹುಳಿ. ರಸ್ತೆಯ ಅಂಚಿಗೆ ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸರದಿಗಾಗಿ ನಿಂತಿರುತ್ತವೆ. ನಮ್ಮ ಕಾಕಾ ಮೊದಲು ಸೊಲ್ಲಾಪುರದ ಕಡೆಯ ಕಾರ್ಖಾನೆಗಳಿಗೆ, ಆಮೇಲೆ ಇಲ್ಲಿಗೆ ಕಬ್ಬು ಕಡಿಯುವ ಗ್ಯಾಂಗ್ ತರುತ್ತಿದ್ದ ಮುಕದಮ. ಈಗ ಅದನ್ನು ಬಿಟ್ಟು ಸ್ವಂತ ಎರಡೂವರೆ ಎಕರೆ ನೋಡಿಕೊಂಡಿದ್ದಾರೆ. ನಾನು ಸರ್ಕಾರಿ ಆಸ್ಪತ್ರೆಯೊಂದರ ಆಡಳಿತ ವಿಭಾಗದಲ್ಲಿ ಕೆಲಸ ಮಾಡುವವಳು. ಸೋಮವಾರ ಮೇಲಕ್ಕೆ ಹೋಗಬೇಕಿದ್ದ ಟೆಂಡರಿನ ಕರಡನ್ನು ಚೀಲದಲ್ಲಿ ಹಾಕಿಕೊಂಡೇ ಭಾನುವಾರ ಊರಿಗೆ ಬಂದಿದ್ದೆ. ಹೊಲದ ಬದುವಿನ ಮೇಲೆ ಸಂಜೆತನಕ ನಡೆದ ಮಾತು ಇದು.

ಕಾಕಾ: ಏನದು ಮಗಳ, ಬಂದಾಗಿಂದ ತೊಡಿ ಮ್ಯಾಲೇ ಇಟ್ಕೊಂಡು ಕುಂತೀದಿ? ಕೋರ್ಟಿನ ಕಾಗದ ಇದ್ದಂಗ ಅದ.

ನಾನು: ಟೆಂಡರ್ ಕಾಕಾ. ಆಸ್ಪತ್ರಿ ಸ್ವಚ್ಛತಾ, ಕಾವಲು, ಬಟ್ಟಿ ಒಗಿಯೋದು, ರೋಗಿಗಳ ಊಟ. ನಾಲ್ಕೂ ಹೊರಗುತ್ತಿಗಿ.

ಕಾಕಾ: ಅಂದ್ರ ನಿಮ್ಮ ಆಸ್ಪತ್ರಿಗೂ ಮುಕದಮ ಬೇಕಾದ.

ನಾನು: ನಾವು ಏಜೆನ್ಸಿ ಅಂತೀವಿ.

ಕಾಕಾ: ಹೆಸರು ಏನರೆ ಇರಲಿ. ಡಾಕ್ಟರ್ ನಿಮ್ಮವ, ನರ್ಸಮ್ಮ ನಿಮ್ಮಾಕಿ, ಚೀಟಿ ಬರಿಯೋ ಗುಮಾಸ್ತ ನಿಮ್ಮವ. ನೆಲ ಒರಸಾಕಿ ಯಾಕ ನಿಮ್ಮಾಕಿ ಅಲ್ಲ?

ನಾನು: ತರಬೇತಿಯೊಳಗ ನಮಗ ಹೇಳಿಕೊಟ್ಟ ಉತ್ತರ ಮೊದಲು ಹೇಳ್ತೀನಿ. ಪ್ರತಿ ಸಂಸ್ಥೆಗೂ ಒಂದು ಮೂಲ ಕೆಲಸ ಇರ್ತದ, ಕೋರ್ ಅಂತಾರ. ಆಸ್ಪತ್ರಿಗಿ ಚಿಕಿತ್ಸೆ ಕೋರ್. ಉಳಿದದ್ದು ನಾನ್-ಕೋರ್. ಅಧಿಕಾರಿ ತನ್ನ ತಲಿ, ತನ್ನ ಹೊತ್ತು ಎರಡನ್ನೂ ಕೋರ್ ಮ್ಯಾಲ ಇಡಬೇಕು, ಉಳಿದದ್ದನ್ನ ಅದರೊಳಗ ನುರಿತವರಿಗಿ ಕೊಟ್ಟುಬಿಡಬೇಕು. ಈ ಮಾತು ಜಗತ್ತಿನ ತುಂಬ ಹಬ್ಬಿದ್ದು 1990ರೊಳಗ. ಸಿ.ಕೆ. ಪ್ರಹ್ಲಾದ್ ಅಂತ ನಮ್ಮ ತಮಿಳುನಾಡಿನವರು, ಗ್ಯಾರಿ ಹ್ಯಾಮೆಲ್ ಜೋಡಿ ಸೇರಿ ಕಂಪನಿಗಳ ಬಗ್ಗೆ ಒಂದು ಲೇಖನ ಬರೆದ್ರು. ಅವರು ಬರೆದದ್ದು ಪೈಪೋಟಿಗಿ ಬಿದ್ದ ಕಂಪನಿಗಳಿಗಿ. ಅದು ತಿರುಗಾಡಿ ತಿರುಗಾಡಿ ಸರ್ಕಾರಿ ಆಸ್ಪತ್ರಿ ಟೆಂಡರಿನ ತನಕ ಬಂದದ.

ಕಾಕಾ: ಹೆರಿಗಿ ಆದ ಹೆಣಮಗಳು ಆ ಹಸಿ ನೆಲದ ಮ್ಯಾಲ ಕಾಲಿಟ್ಟು ನಡೀತಾಳ. ಆಕಿಗಿ ಕೇಳಿದ್ರ ಯಾವುದು ಮೂಲ ಅಂತಾಳ?

ನಾನು: ಅದೇ ಕಾಕಾ. ಕೋರ್ ಯಾವುದು ಅನ್ನೋದು ಕುರ್ಚಿ ಮ್ಯಾಲ ಕುಂತು ನೋಡಿದ್ರ ಒಂದು ಕಾಣ್ತದ, ಮಂಚದ ಮ್ಯಾಲ ಮಲಗಿ ನೋಡಿದ್ರ ಇನ್ನೊಂದು. ಬ್ರಿಟನ್ನಿನೊಳಗ ಇದನ್ನ ದೊಡ್ಡ ಪ್ರಮಾಣದಾಗ ಮಾಡಿ ನೋಡ್ಯಾರ. ಥ್ಯಾಚರ್ ಸರ್ಕಾರ 1983ರೊಳಗ ಅಲ್ಲಿನ ಸರ್ಕಾರಿ ಆಸ್ಪತ್ರಿಗಳಿಗಿ ಸ್ವಚ್ಛತಾ, ಅಡಗಿ, ಬಟ್ಟಿ ಒಗಿಯೋ ಕೆಲಸ ಟೆಂಡರಿಗಿ ಹಾಕ್ರಿ ಅಂತ ಆದೇಶ ಮಾಡ್ತು. ಮುಂದ ವಾರ್ಡಿನೊಳಗ ಸೋಂಕು ಹೆಚ್ಚಾದಾಗ ನೆಲ ಒರಸೋರ ಸಂಖ್ಯೆ ಕಡಿಮಿ ಆದದ್ದೂ ಒಂದು ಕಾರಣ ಅಂತ ವರ್ಷಗಟ್ಟಲೆ ವಾದ ನಡೀತು. ಕಡಿಗಿ 2008ರೊಳಗ ಸ್ಕಾಟ್ಲೆಂಡ್ ಸರ್ಕಾರ ಇನ್ನು ಮುಂದ ಆಸ್ಪತ್ರಿ ಸ್ವಚ್ಛತಾ ಖಾಸಗಿಯವರಿಗಿ ಕೊಡೂದಿಲ್ಲ ಅಂತು. ನೆಲ ಒರಸೋದು ಚಿಕಿತ್ಸೆಯ ಭಾಗ ಅಂತ ಒಪ್ಪಿಕೊಳ್ಳಲಿಕ್ಕ ಅವರಿಗಿ 25 ವರ್ಷ ಹಿಡೀತು.

ಕಾಕಾ: ಹಂಗಂತ ಗೊತ್ತಿದ್ದೂ ನೀ ಈ ಕಾಗದ ಹೊತ್ಕೊಂಡು ಬಂದೀದಿ.

ನಾನು: ಬಂದೀನಿ. ಯಾಕ ಅಂತ ಹೇಳ್ತೀನಿ ಕೇಳ್ರಿ. ಪುಸ್ತಕದ ಕಾರಣ ಬ್ಯಾರೆ, ಟೇಬಲ್ ಮ್ಯಾಲಿನ ಕಾರಣ ಬ್ಯಾರೆ. ನಮ್ಮ ರಾಜ್ಯದೊಳಗ ಮಂಜೂರಾಗಿಯೂ ಖಾಲಿ ಬಿದ್ದ ಸರ್ಕಾರಿ ಹುದ್ದಿ ಎರಡೂವರಿ ಲಕ್ಷಕ್ಕೂ ಹೆಚ್ಚು ಅಂತ ಸುದ್ದಿಯಾಗ ಬರ್ತಾ ಇರ್ತದ. ನನ್ನ ಆಸ್ಪತ್ರಿಯೊಳಗ ಡಿ ಗ್ರೂಪಿನ ಒಬ್ಬಾಕಿ ನಿವೃತ್ತಿ ಆದ್ಲು ಅನ್ರಿ. ಆ ಜಾಗಕ್ಕ ಇನ್ನೊಬ್ಬಾಕಿನ್ನ ತಗೊಳ್ಳೋ ಅಧಿಕಾರ ನನಗಿಲ್ಲ. ಇಲಾಖೆಗಿ ಬರೀಬೇಕು, ಇಲಾಖೆ ಆರ್ಥಿಕ ಇಲಾಖೆಗಿ ಬರೀಬೇಕು, ಅಲ್ಲಿಂದ ಕಡತ ಬರೋದರೊಳಗ ಇನ್ನಿಬ್ಬರು ನಿವೃತ್ತಿ ಆಗಿರ್ತಾರ. ಆದ್ರ ವಾರ್ಡ್ ಇವತ್ತು ಸಂಜಿಗೇ ಹೊಲಸಾಗ್ತದ. ಹೊರಗುತ್ತಿಗಿ ಅಂದ್ರ ಅದು ಹುದ್ದಿ ಅಲ್ಲ, ಸೇವಾ ಖರೀದಿ. ಅದಕ್ಕ ಬ್ಯಾರೆ ಲೆಕ್ಕ ಶೀರ್ಷಿಕೆ, ಬ್ಯಾರೆ ಸಹಿ. ಪೆನ್ನು ನನ್ನ ಕೈಯಾಗ ಇರೋದು ಅಲ್ಲಿ ಮಾತ್ರ.

ಕಾಕಾ: ಬಾಗಿಲು ಮುಚ್ಚಿದ್ರ ಕಿಡಕಿಯಿಂದ ಇಳಿದಂಗಾತು.

ನಾನು: ಹೌದು. ಮ್ಯಾಲಿನವರಿಗಿ ಈ ಕಿಡಕಿ ಭಾಳ ಅನುಕೂಲ ಆಗ್ಯದ. ಪಗಾರದ ಖರ್ಚು ಕಡಿಮಿ ಕಾಣ್ತದ, ಪಿಂಚಣಿ ಹೊರಿ ಇಲ್ಲ. ನಮ್ಮಂಥ ಕೆಳಗಿನ ಅಧಿಕಾರಿಗಳು ಇದನ್ನ ಆರಿಸಿಕೊಂಡೀವಿ ಅಂತ ಹೊರಗಿನವರು ತಿಳೀತಾರ. ನಮ್ಮ ಮುಂದ ಆರಿಸಲಿಕ್ಕ ಎರಡನೇದು ಇಟ್ಟೇ ಇಲ್ಲ.

ಕಾಕಾ: ನೀವೇ ದಿನಗೂಲಿ ಮ್ಯಾಲ ತಗೋಬೇಕಿತ್ತು. ಹಿಂದ ಹಂಗ ತಗೋತಿದ್ರಲ್ಲ. ನಮ್ಮ ಓಣಿಯವನೇ ಒಬ್ಬ ದಿನಗೂಲಿಗಿ ಹೋಗಿ, ಕಾಯಂ ಆಗಿ, ಮನಿ ಕಟ್ಟಿಸಿದ.

ನಾನು: ಆ ದಾರಿ ಮುಚ್ಚಿದ್ದೂ ನಮ್ಮ ಕರ್ನಾಟಕದ್ದೇ ಕೇಸಿನಿಂದ. ವಾಣಿಜ್ಯ ತೆರಿಗಿ ಇಲಾಖೆಯೊಳಗ ವರ್ಷಗಟ್ಟಲೆ ದಿನಗೂಲಿ ಮಾಡಿದವರು ಕಾಯಂ ಮಾಡ್ರಿ ಅಂತ ಹೋದ ಕೇಸು, ಉಮಾದೇವಿ ಕೇಸು ಅಂತೀವಿ. 2006ರ ಏಪ್ರಿಲ್‌ನಾಗ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹಿಂಬಾಗಿಲ ನೇಮಕಾತಿ ಹಕ್ಕಾಗೂದಿಲ್ಲ ಅಂತ ಹೇಳ್ತು. ಮಂಜೂರಾದ ಹುದ್ದಿಯೊಳಗ, ಕೋರ್ಟಿನ ರಕ್ಷಣೆ ಇಲ್ಲದೇ ಹತ್ತು ವರ್ಷ ದುಡಿದವರಿಗಿ ಒಂದೇ ಸಲ ವಿನಾಯಿತಿ ಕೊಟ್ಟು ಬಾಗಿಲು ಹಾಕ್ತು. ಆ ತೀರ್ಪಿನ ಉದ್ದೇಶ ಛಲೋದೇ ಇತ್ತು, ನೇಮಕಾತಿ ಎಲ್ಲರಿಗಿ ತೆರೆದಿರಬೇಕು ಅಂತ. ಆದ್ರ ಅಧಿಕಾರಿಗಳು ಅದರಿಂದ ಕಲಿತ ಪಾಠ ಬ್ಯಾರೆ: ಯಾರನ್ನೂ ನೇರ ತಗೋಬ್ಯಾಡ, ನಡುವ ಒಬ್ಬ ಗುತ್ತಿಗಿದಾರ ಇರಲಿ, ನಾಳಿ ಕೋರ್ಟಿಗಿ ಹೋದ್ರ ‘ಇವರು ನಮ್ಮವರಲ್ಲ’ ಅನ್ನಲಿಕ್ಕ ಬರಲಿ.

ಕಾಕಾ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಮಗಳ, ಒಂದು ಹೇಳ್ತೀನಿ. ಕಾರ್ಖಾನಿಯವರು ನನಗ ಕಮಿಷನ್ ಕೊಡ್ತಿದ್ರಲ್ಲ, ಅದು ಯಾತಕ್ಕಂತ ತಿಳಿದೀದಿ? ಆಳು ತರೋದಕ್ಕ ಅಂತ ನಾನೂ ಮೊದಲು ತಿಳಿದಿದ್ದೆ. ಒಂದು ವರ್ಷ ಗ್ಯಾಂಗಿನ ಹೆಣಮಗಳೊಬ್ಬಾಕಿ ಟ್ರೇಲರಿನಿಂದ ಬಿದ್ದು ಕಾಲು ಮುರಕೊಂಡಳು. ಕಾರ್ಖಾನಿ ಗೇಟಿಗಿ ಹೋದ್ರ ‘ಮುಕದಮನ್ನ ಕೇಳ್ರಿ’ ಅಂದ್ರು. ಹೊಲದ ಧಣಿಗಿ ಕೇಳಿದ್ರ ‘ಮುಕದಮನ್ನ ಕೇಳ್ರಿ’ ಅಂದ. ಆಕಿ ಗಂಡ ನನ್ನ ಮುಂದ ನಿಂತು ಅಳ್ತಿದ್ದ. ನನ್ನ ಕಿಸೆದಾಗ ಏನಿತ್ತು, ಮುಂಗಡ ಎಲ್ಲಾ ಹಂಚಿಬಿಟ್ಟಿದ್ದೆ. ಎಲ್ಲಾರೂ ಬೆರಳು ತೋರಸಲಿಕ್ಕ ಒಬ್ಬ ಬೇಕಾಗಿದ್ದ, ಆ ಒಬ್ಬ ನಾನಾಗಿದ್ದೆ. ಕಮಿಷನ್ ಅದಕ್ಕ. ಅವತ್ತಿಗೇ ಈ ಕೆಲಸ ಬಿಡಬೇಕು ಅನಿಸ್ತು, ಬಿಡಲಿಕ್ಕ ಇನ್ನೂ ಆರು ಹಂಗಾಮ ಹೋದವು.

ನಾನು: ಇದನ್ನ ನೀವು ಎಂದೂ ಹೇಳಿದ್ದಿಲ್ಲ.

ಕಾಕಾ: ನೀ ಎಂದೂ ಕೇಳಿದ್ದಿಲ್ಲ.

ನಾನು: ನಮ್ಮ ಕಡೆನೂ ಅಷ್ಟೇ ಕಾಕಾ. ವಾರ್ಡ್ ಹೊಲಸಿದ್ರ ಏಜೆನ್ಸಿಗಿ ನೋಟಿಸ್. ಕಾವಲುಗಾರ ರೋಗಿ ಸಂಬಂಧಿಕರ ಜೋಡಿ ಜಗಳ ಮಾಡಿದ್ರ ಏಜೆನ್ಸಿಗಿ ನೋಟಿಸ್. ಒಬ್ಬಾಕಿ ಬರಲಿಲ್ಲಂದ್ರ ಫೋನ್ ಮಾಡಿದ್ರ ಸಾಕು, ಸಂಜಿಗಿ ಇನ್ನೊಬ್ಬಾಕಿ ನಿಂತಿರ್ತಾಳ. ಕಾಯಂ ನೌಕರರಾದ್ರ ವಿಚಾರಣೆ, ಉತ್ತರ, ಸಂಘ, ವರ್ಗಾವಣೆ ಒತ್ತಡ. ದಣಿದ ಅಧಿಕಾರಿಗಿ ಇದೊಂದು ಆಸರ. ಇದನ್ನ ಯಾರೂ ಕಡತದೊಳಗ ಬರಿಯೂದಿಲ್ಲ, ಆದ್ರ ಹೊರಗುತ್ತಿಗಿ ಬೇಕು ಅನ್ನೋದರೊಳಗ ಅರ್ಧ ಕಾರಣ ಇದೇ ಅಂತ ನಾ ತಿಳಿದೀನಿ.

ಕಾಕಾ: ಹಂಗಂತ ಎಲ್ಲಾ ಗುತ್ತಿಗೀನೂ ಖೊಟ್ಟಿ ಅನ್ನಲಿಕ್ಕ ಬರೂದಿಲ್ಲ. ಕಬ್ಬು ಕಡಿಯೋದು ದೀಪಾವಳಿಗಿ ಶುರುವಾದ್ರ ಬ್ಯಾಸಿಗಿ ಹತ್ತೋದರೊಳಗ ಮುಗೀತದ. ಅಷ್ಟು ದಿನದ ಕೆಲಸಕ್ಕ ಕಾರ್ಖಾನಿ ವರ್ಷದ ಪಗಾರ ಕೊಡ್ತದೇನು? ಕೊಡೂದಿಲ್ಲ. ಅದು ತಿಳೀತದ. ಆದ್ರ ಆಸ್ಪತ್ರಿ ನೆಲಕ್ಕ ಹಂಗಾಮ ಅದ ಏನು?

ನಾನು: ನೀವು 1970ರ ಕಾಯ್ದೆ ಓದೀದಂಗ ಮಾತಾಡ್ತೀರಿ. ಗುತ್ತಿಗಿ ಕಾರ್ಮಿಕರ ಕಾಯ್ದೆ ಅಂತ ಇತ್ತು, ಅದರ ಹತ್ತನೇ ಕಲಮು ಇದೇ ಪ್ರಶ್ನೆ ಕೇಳ್ತಿತ್ತು. ಆ ಕೆಲಸ ವರ್ಷಪೂರ್ತಿ ನಡಿಯೋದೋ? ಆ ಸಂಸ್ಥೆಗಿ ಅದು ಬೇಕೇ ಬೇಕೋ? ಬ್ಯಾರೆ ಕಡೆ ಕಾಯಂ ನೌಕರರೇ ಮಾಡ್ತಾರೋ? ಒಂದಿಷ್ಟು ಮಂದಿಗಿ ಪೂರ್ತಿ ಹೊತ್ತಿನ ಕೆಲಸ ಆಗುವಷ್ಟು ಅದ ಏನು? ಇಷ್ಟು ನೋಡಿ ಸರ್ಕಾರ ಗುತ್ತಿಗಿ ನಿಷೇಧ ಮಾಡಬಹುದು ಅಂತ ಹೇಳ್ತಿತ್ತು.

ಕಾಕಾ: ಮಾಡಬಹುದು. ಮಾಡಬೇಕು ಅಂತಿಲ್ಲ.

ನಾನು: ಇಲ್ಲ. ನಿಷೇಧ ಆದ್ರೂ ಆ ಕಾರ್ಮಿಕರು ತಾವಾಗಿ ಮೂಲ ಸಂಸ್ಥೆ ನೌಕರರಾಗೂದಿಲ್ಲ ಅಂತ 2001ರೊಳಗ ಉಕ್ಕು ಪ್ರಾಧಿಕಾರದ ಕೇಸಿನಾಗ ಸುಪ್ರೀಂ ಕೋರ್ಟ್ ಹೇಳಿದ ಮ್ಯಾಲ ಆ ಕಲಮಿನ ಹಲ್ಲು ಸಡ್ಲ ಆತು. ಈಗ ಆ ಕಾಯ್ದೆ ಜಾಗಕ್ಕ ಹೊಸ ಕಾರ್ಮಿಕ ಸಂಹಿತೆ ಬಂದದ, 2025ರ ನವೆಂಬರ್ 21ರಿಂದ ಜಾರಿ. ಅದರೊಳಗ ಕೋರ್ ಕೆಲಸಕ್ಕ ಗುತ್ತಿಗಿ ಆಳು ಬ್ಯಾಡ ಅಂತ ಅದ, ಆದ್ರ ಯಾವುದು ಕೋರ್ ಅಲ್ಲ ಅಂತ ಪಟ್ಟೀನೂ ಅದ. ಸ್ವಚ್ಛತಾ, ಕಾವಲು, ಕ್ಯಾಂಟೀನು, ಹಮಾಲಿ, ಬಟ್ಟಿ ಒಗಿಯೋದು, ಹೂದೋಟ, ಆಂಬುಲೆನ್ಸ್ ಸಮೇತ ವಾಹನ. ಆ ಸಂಸ್ಥೆ ಅದೇ ಕೆಲಸಕ್ಕಂತ ಹುಟ್ಟಿದ್ದಲ್ಲದಿದ್ರ ಇವು ಯಾವೂ ಕೋರ್ ಅಲ್ಲ. ಮೊದಲು 20 ಆಳಿಗಿ ಹತ್ತತಿದ್ದ ನಿಯಮ ಈಗ 50 ಆಳಿಗಿ ಏರ್ಯದ.

ಕಾಕಾ: ಮುನಸಿಪಾಲ್ಟಿ ಹುಟ್ಟಿದ್ದೇ ಕಸ ಗುಡಸಲಿಕ್ಕ. ಅವರೂ ಗುತ್ತಿಗಿ ಕೊಟ್ಟಿದ್ರಲ್ಲ?

ನಾನು: ಕೊಟ್ಟಿದ್ರು, ವರ್ಷಗಟ್ಟಲೆ. ಬೆಂಗಳೂರಿನ ಪೌರಕಾರ್ಮಿಕರು ಗುತ್ತಿಗಿದಾರನ ಕೈಯಾಗ ಪಗಾರಕ್ಕ ಕಾಯ್ದು ಕಾಯ್ದು, ಬೀದಿಗಿಳಿದು, 2017ರ ಹೊತ್ತಿಗಿ ನಡುವಿನವನನ್ನ ತಗಿಸಿ ಪಾಲಿಕೆಯಿಂದ ನೇರ ಪಗಾರ ಪಡೆಯೋ ದಾರಿ ಮಾಡಿಕೊಂಡ್ರು. 2022ರೊಳಗ ಮತ್ತೆ ಮುಷ್ಕರ ಆತು. 2025ರ ಮೇ 1ಕ್ಕ ಬೆಂಗಳೂರಿನೊಳಗ 12,692 ಮಂದಿಗಿ ಕಾಯಂ ನೇಮಕಾತಿ ಪತ್ರ ಕೊಟ್ರು. ಅದರೊಳಗ ಹೆಚ್ಚಿನವರು ಹೆಣಮಕ್ಕಳು, ದಲಿತರು. ಕೊಟ್ಟದ್ದನ್ನ ವಾಪಸ್ ತಗೋಬಹುದು ಅನ್ನೋದಕ್ಕ ನಮ್ಮ ರಾಜ್ಯದೊಳಗೇ ಇಷ್ಟು ದೊಡ್ಡ ಉದಾಹರಣೆ ಅದ. ಆದ್ರ ಅದು ತಾನಾಗಿ ಬಂದದ್ದಲ್ಲ.

ಕಾಕಾ: ಹಂಗಾದ್ರ ಯಾವುದನ್ನ ಹೊರಗ ಕೊಡಬಹುದು? ಒಂದರೆ ಇರಬೇಕಲ್ಲ.

ನಾನು: ಅದ. ಆಸ್ಪತ್ರಿ ತ್ಯಾಜ್ಯ ನೋಡ್ರಿ. ಸೂಜಿ, ರಕ್ತದ ಬಟ್ಟಿ, ಕೊಯ್ದು ತಗದ ಅಂಗಾಂಶ. ಇದನ್ನ ಸುಡೋ ಯಂತ್ರ ಪ್ರತಿ ಆಸ್ಪತ್ರಿ ಇಟ್ಕೊಂಡ್ರ ಊರೆಲ್ಲಾ ಹೊಗಿ. 2016ರ ನಿಯಮದೊಳಗ 75 ಕಿಲೋಮೀಟರ್ ಒಳಗ ಸಾಮೂಹಿಕ ಘಟಕ ಇದ್ರ ಆಸ್ಪತ್ರಿಯವರು ತಮ್ಮದೇ ಕಟ್ಟಬಾರದು, ಆ ಘಟಕಕ್ಕೇ ಕೊಡಬೇಕು, 48 ತಾಸಿಗಿಂತ ಹೆಚ್ಚು ಹೊತ್ತು ಇಟ್ಕೋಬಾರದು ಅಂತ ಅದ. ಅದು ಸರಿಯಾದ ಹೊರಗುತ್ತಿಗಿ. ಯಂತ್ರ ದೊಡ್ಡದು, ವಿದ್ಯಾ ಬ್ಯಾರೆ, ತೂಕ ಹಾಕಿ ರಸೀದಿ ಕೊಡಬಹುದು, ತಪ್ಪಿದ್ರ ಗೊತ್ತಾಗ್ತದ. ಸ್ಕ್ಯಾನಿಂಗ್ ಯಂತ್ರದ ರಿಪೇರಿನೂ ಹಂಗೇ. ನಮ್ಮ ಕಡೆ ಹಳ್ಳಿಯೊಳಗ ಕರೆಂಟ್ ಮೀಟರ್ ಓದಿ ಬಿಲ್ ಕೊಡೋ ಗ್ರಾಮ ವಿದ್ಯುತ್ ಪ್ರತಿನಿಧಿ ಇದ್ದಾನಲ್ಲ, ಅವನೂ ಜೆಸ್ಕಾಂ ನೌಕರ ಅಲ್ಲ. ಮೀಟರಿನ ಅಂಕಿ ಎಲ್ಲಾರ ಕಣ್ಣಿಗಿ ಕಾಣ್ತದ, ಅವ ಊರಿನವನೇ, ತಪ್ಪು ಬರೆದ್ರ ಮರುದಿನ ಅವನ ಮನಿ ಮುಂದ ಮಂದಿ ನಿಂತಿರ್ತಾರ. ಆದ್ರ ಅವನ ಪಗಾರ, ಭದ್ರತಾ ಎಂಥಾದ್ದು ಅಂತ ಕೇಳಿದ್ರ ಅಲ್ಲೂ ನೋವು ಅದ.

ಕಾಕಾ: ಅಂದ್ರ ಅಳೀಲಿಕ್ಕ ಬಂದದ್ದು ಕೊಡಬಹುದು. ಅಳೀಲಿಕ್ಕ ಬರದಿದ್ದದ್ದು?

ನಾನು: ಅದೇ ಗಂಟು. ಆಲಿವರ್ ಹಾರ್ಟ್ ಅಂತ ಅರ್ಥಶಾಸ್ತ್ರಜ್ಞರು, 2016ರೊಳಗ ನೊಬೆಲ್ ಬಂತು, ಅವರು ಮತ್ತಿಬ್ಬರು ಸೇರಿ 1997ರೊಳಗ ಜೈಲುಗಳನ್ನ ಖಾಸಗಿಗಿ ಕೊಡೋದರ ಬಗ್ಗೆ ಬರೆದ್ರು. ಕರಾರಿನೊಳಗ ಬರೀಲಿಕ್ಕ ಬರದಂಥ ಗುಣ ಇರೋ ಕೆಲಸ ಹೊರಗ ಕೊಟ್ರ, ಖರ್ಚು ಉಳಿಸೋ ಆಸಿ ಮೊದಲು ಆ ಗುಣವನ್ನೇ ತಿಂತದ ಅನ್ನೋದು ಅವರ ವಾದದ ತಿರುಳು.

ಕಾಕಾ ಎದ್ದು ನಾಲ್ಕು ಹೆಜ್ಜೆ ನಡೆದು, ಹೋದ ವಾರ ಕಡಿದ ಸಾಲಿನಲ್ಲಿ ರವದಿ ಸರಿಸಿ ಒಂದು ಬುಡ ತೋರಿಸಿದರು. ನೆಲದಿಂದ ಗೇಣುದ್ದ ಮೇಲಕ್ಕೆ ಕಡಿದಿತ್ತು. ಕೊರಡಿನ ತುದಿ ಸೀಳಿತ್ತು.

ಕಾಕಾ: ಇದನ್ನ ನೋಡು. ಕಬ್ಬಿನ ಸಿಹಿ ಎಲ್ಲಾ ಬುಡದಾಗ. ಬುಡಕ್ಕ ಕಡಿದ್ರ ತೂಕಾನೂ ಬರ್ತದ, ಕೂಳಿ ಬೆಳಿನೂ ಛಂದ ಒಡೀತದ. ‘ಬುಡಕ್ಕ ಕಡಿಬೇಕು’ ಅಂತ ಕರಾರಿನಾಗ ಬರೀಬಹುದು, ನಾನೂ ದಿನಾ ಒದರತಿದ್ದೆ. ಆದ್ರ ಬೆಳಗಿನ ಜಾವದಿಂದ ಬಗ್ಗಿದ ಬೆನ್ನು ಮಧ್ಯಾಹ್ನಕ್ಕ ಎಷ್ಟು ಬಗ್ಗಬೇಕು ಅಂತ ಹ್ಯಾಂಗ ಬರೀತಿ? ತನ್ನ ಹೊಲ ಇದ್ದವ ಬಗ್ಗತಾನ. ಮುಂದಿನ ವರ್ಷ ಇದೇ ಹೊಲಕ್ಕ ಬರ್ತೀನಿ ಅಂತ ನಂಬಿಕಿ ಇದ್ದವನೂ ಬಗ್ಗತಾನ. ನಾಳಿ ಎಲ್ಲಿರ್ತೀನೋ ಅನ್ನೋನು ಗೇಣು ಮ್ಯಾಲೇ ಕಡೀತಾನ. ಅವನ ತಪ್ಪಲ್ಲ ಅದು.

ನಾನು: ಮಂಚದ ಕೆಳಗ ಕೈ ಚಾಚಿ ಒರಸೋದು, ನರಳೋ ಅಜ್ಜಿಗಿ ‘ಯಾಕಮ್ಮಾ’ ಅಂತ ಕೇಳೋದು, ಸೆಲೈನ್ ಮುಗೀಲಿಕ್ಕ ಬಂದದ್ದನ್ನ ನೋಡಿ ಸಿಸ್ಟರಿಗಿ ಕೂಗೋದು. ನನ್ನ ಟೆಂಡರಿನೊಳಗ 40 ಪುಟ ಅವ, ಇವು ಯಾವೂ ಇಲ್ಲ. ಚದರ ಅಡಿ ಅದ, ಫಿನೈಲ್ ಲೀಟರ್ ಅದ.

ಕಾಕಾ: ಇರಲಿ, ರೊಕ್ಕರೆ ಉಳೀತದೋ ಇಲ್ಲೋ?

ನಾನು: ಲೆಕ್ಕ ಹಾಕೋಣು. ಏಜೆನ್ಸಿ ಒಬ್ಬಾಕಿಗಿ ಪಗಾರ ಅಂತ 100 ರೂಪಾಯಿ ತೋರಿಸ್ತು ಅನ್ರಿ. ಅದರ ಮ್ಯಾಲ ಧಣಿ ಪಾಲಿನ ಪಿಎಫ್ 13, ಇಎಸ್‌ಐ ಮೂರೂಕಾಲು. ಏಜೆನ್ಸಿ ಸೇವಾ ಶುಲ್ಕ ಎರಡು. ಪಾಲಿಕೆ, ಪಂಚಾಯತಿ ಕೆಲವು ಕೆಲಸಕ್ಕ ಜಿಎಸ್‌ಟಿ ವಿನಾಯಿತಿ ಅದ. ನಿಗಮ, ಕಂಪನಿಗಳಿಗಿ ಆಳು ಪೂರೈಕೆ ಮ್ಯಾಲ 18 ಪರ್ಸೆಂಟ್ ಹತ್ತತದ. ಎಲ್ಲಾ ಸೇರಿ 139ರ ಮ್ಯಾಲ ಹೋಗ್ತದ. ಆಕಿ ಕೈಗಿ ಬರೋದು ತನ್ನ ಪಾಲಿನ ಪಿಎಫ್ 12, ಇಎಸ್‌ಐ ಮುಕ್ಕಾಲು ರೂಪಾಯಿ ಕಡಿದು 87.

ಕಾಕಾ: ನಡುವ 52 ರೂಪಾಯಿ.

ನಾನು: ಪಿಎಫ್ ಆಕಿದೇ, ಖರೇನ ಕಟ್ಟಿದ್ರ. ಈಗ ಕಾಯಂ ಡಿ ಗ್ರೂಪ್ ನೌಕರಳನ್ನ ನೋಡ್ರಿ. ಏಳನೇ ವೇತನ ಆಯೋಗ ಬಂದ ಮ್ಯಾಲ, 2024ರ ಆಗಸ್ಟಿನಿಂದ, ಆಕಿ ಮೂಲ ಪಗಾರವೇ 27,000. ಅದರ ಮ್ಯಾಲ ತುಟ್ಟಿಭತ್ಯೆ, ಮನಿ ಬಾಡಗಿ. ಗುತ್ತಿಗಿಯಾಕಿಗಿ ಪಗಾರ 15,000 ಹಿಡಿದ್ರ ಇಡೀ ಬಿಲ್ಲು 21,000 ಹತ್ತಿರ ನಿಲ್ತದ. ಅಧಿಕಾರಿ ಕಣ್ಣಿಗಿ ಉಳಿತಾಯ ಕಾಣ್ತದ. ಆದ್ರ ಅದೇ ನೆಲ, ಅದೇ ಕಸಬರಗಿ, ಅದೇ ಎಂಟು ತಾಸು. ನಡುವ ಒಬ್ಬನ ಶುಲ್ಕ ಕೊಟ್ಟು, ತೆರಿಗಿ ಕೊಟ್ಟು, ಆ ಮ್ಯಾಲೂ ಅಗ್ಗ ಬಿತ್ತು ಅಂದ್ರ ಅಷ್ಟೂ ಉಳಿದದ್ದು ಆಕಿ ತಾಟಿನಿಂದ. ಯಾವ ಹೊಸ ವಿದ್ಯಾದಿಂದಲೂ ಅಲ್ಲ.

ಕಾಕಾ: ಎರಡು ರೂಪಾಯಿ ಶುಲ್ಕಕ್ಕ ಯಾವ ಮುಕದಮ ಬರ್ತಾನ? ನಾ ಬರ್ತಿದ್ದಿಲ್ಲ.

ನಾನು: ಅದೂ ಸರಿ. ನಮ್ಮ ಪಾರದರ್ಶಕ ಕಾಯ್ದೆ, 1999ರದ್ದು, ಟೆಂಡರ್ ಕಡ್ಡಾಯ ಮಾಡ್ತು. ಅದರಿಂದ ಭಾಳ ಛಲೋ ಆಗ್ಯದ, ಮಂತ್ರಿ ಅಳಿಯಗ ಸುಮ್ಮಸುಮ್ಮನ ಕೆಲಸ ಕೊಡೋದು ತಪ್ಪಿತು. ಆದ್ರ ಆಳು ಪೂರೈಕೆಯೊಳಗ ಪಗಾರ ಕಾಯ್ದೆಯಿಂದ ಗೊತ್ತಾದದ್ದು, ಪಿಎಫ್ ಗೊತ್ತಾದದ್ದು, ಪೈಪೋಟಿ ಉಳಿಯೋದು ಆ ಶುಲ್ಕದ ಮ್ಯಾಲ ಮಾತ್ರ. ಕಡಿಮಿ ಬರೆದವ ಗೆಲ್ತಾನ. ಶೂನ್ಯದ ಹತ್ತಿರ ಬರೆದು ಗೆದ್ದವ ಲಾಭ ಎಲ್ಲಿಂದ ತಗೀತಾನ? ಪಗಾರ ಎರಡು ತಿಂಗಳು ತಡೆದು, ಪಿಎಫ್ ಕಟ್ಟದೇ, 40 ಮಂದಿ ಹೆಸರು ಬರೆದು 33 ಮಂದಿನ್ನ ನಿಲ್ಲಿಸಿ. ಕಡಿಮಿ ದರಕ್ಕ ಸಹಿ ಹಾಕೋ ಹೊತ್ತಿಗೇ ನನಗ ಇದು ಗೊತ್ತಿರ್ತದ. ಅದಕ್ಕೇ ಕೈ ತಡೀತದ ಕಾಕಾ.

ಕಾಕಾ: ಇನ್ನೊಂದು ಕೇಳ್ತೀನಿ. ನಿನಗ ಕೆಲಸ ಸಿಕ್ಕದ್ದು 371 ಜೆ ಒಳಗಲ್ಲ?

ನಾನು: ಹೌದು.

ಕಾಕಾ: ಅವತ್ತು ಊರೆಲ್ಲಾ ಪೇಢೆ ಹಂಚಿದ್ವಿ. ನಮ್ಮ ಹುಡುಗರಿಗಿ ನೌಕರಿ ಬರ್ತಾವ, ಕಲಿತವರಿಗೂ ಬರ್ತಾವ, ಕಲೀದವರಿಗೂ ಬರ್ತಾವ ಅಂದಿದ್ರಿ.

ನಾನು: (ಉತ್ತರಕ್ಕೆ ತಡವಾಯಿತು) ಹೌದು. ಸಂವಿಧಾನದ 98ನೇ ತಿದ್ದುಪಡಿ, ಜಾರಿಗಿ ಬಂದದ್ದು 2013ರೊಳಗ. ಕಲ್ಯಾಣ ಕರ್ನಾಟಕದ ಸ್ಥಳೀಯ ಹುದ್ದಿಯೊಳಗ ಎ, ಬಿ ಗ್ರೂಪಿಗಿ 75 ಪರ್ಸೆಂಟ್, ಸಿ ಗ್ರೂಪಿಗಿ 80, ಡಿ ಗ್ರೂಪಿಗಿ 85 ನಮ್ಮವರಿಗೇ ಮೀಸಲು. ಎಲ್ಲಾಕ್ಕಿಂತ ದೊಡ್ಡ ಪಾಲು ಡಿ ಗ್ರೂಪಿನೊಳಗ. ಆ ಡಿ ಗ್ರೂಪಿನ ಕೆಲಸಗಳನ್ನೇ ನಾವು ನಾನ್-ಕೋರ್ ಅಂತ ಹೊರಗ ಹಾಕೀವಿ. ಹುದ್ದಿ ಇಲ್ಲಂದ್ರ 85 ಪರ್ಸೆಂಟ್ ಯಾತರದ್ದು?

ಕಾಕಾ: ನಾ ಅದನ್ನೇ ಹೇಳಬೇಕಂತಿದ್ದೆ. ಕೆಲಸ ಎಲ್ಲೂ ಹೋಗಿಲ್ಲ, ಕೆಲಸ ಇಲ್ಲೇ ಅದ. ನಮ್ಮ ಸೊಸಿ ದಿನಾ ಹೋಗಿ ಮಾಡಿ ಬರ್ತಾಳ. ಹೋಗಿದ್ದು ಹುದ್ದಿ.

ನಾನು: 2024ರೊಳಗ ರಾಜ್ಯ ಸರ್ಕಾರ ಹೊರಗುತ್ತಿಗಿಯೊಳಗೂ ಪರಿಶಿಷ್ಟರಿಗಿ, ಹಿಂದುಳಿದವರಿಗಿ ಮೀಸಲಾತಿ ಕೊಡಬೇಕು, ಹೆಣಮಕ್ಕಳಿಗಿ ಮೂರನೇ ಒಂದು ಪಾಲು ಇರಬೇಕು ಅಂತ ಆದೇಶ ಮಾಡ್ತು. ಅಷ್ಟರ ಮಟ್ಟಿಗಿ ಒಳ್ಳೇದು. ಆದ್ರ ಕಸಬರಗಿ ಹಿಡಿಯೋ ಕೆಲಸದೊಳಗ ಈ ಸಮಾಜ ಮೊದಲೇ ಅವರಿಗಿ ಮೀಸಲು ಇಟ್ಟದ. ಬೇಕಾಗಿದ್ದದ್ದು ಅದರ ಜೋಡಿ ಬರೋ ಪಿಂಚಣಿ, ರಜಾ, ಬಡ್ತಿ. ಆ ಓಣಿಯವನು ಮನಿ ಕಟ್ಟಿಸಿದ್ದು ಅದರಿಂದ.

ಕಾಕಾ: ಕೋರ್ಟಿನವರು ಏನೂ ಅನ್ನೂದಿಲ್ಲೇನು?

ನಾನು: ಅಂದಾರ. ನಮ್ಮ ಭೀಮಾ ಹೊಳಿಗಿ ದೇವಣಗಾಂವ ಸೇತುವಿ ಹತ್ರ ನೀರಿನ ಮಟ್ಟ ಅಳಿಯೋ ಕೇಂದ್ರ ಜಲ ಆಯೋಗ ಅದಲ್ಲ, ಆ ಆಯೋಗದ ಕಚೇರಿಯೊಳಗ ವರ್ಷಗಟ್ಟಲೆ ಕಸ ಗುಡಿಸಿದ ಹೆಣಮಕ್ಕಳು, ತೋಟದ ಕೆಲಸದವ, ಅವರನ್ನ 2018ರೊಳಗ ತಗದುಹಾಕಿದ್ರು. ಜಗ್ಗೋ ಕೇಸು ಅಂತ, 2024ರ ಡಿಸೆಂಬರಿನಾಗ ಸುಪ್ರೀಂ ಕೋರ್ಟ್ ಅವರನ್ನ ವಾಪಸ್ ತಗೊಂಡು ಕಾಯಂ ಮಾಡ್ರಿ ಅಂತು. ಕಚೇರಿ ಇರೋತನಕ ಕಸ ಗುಡಿಸೋದು ಇರ್ತದ, ಉಮಾದೇವಿ ತೀರ್ಪನ್ನ ಇಂಥವರ ಮ್ಯಾಲ ಗುರಾಣಿ ಹಂಗ ಹಿಡೀಬ್ಯಾಡ್ರಿ, ಹೊರಗುತ್ತಿಗಿಯನ್ನ ಜವಾಬ್ದಾರಿ ತಪ್ಪಿಸಿಕೊಳ್ಳೋ ದಾರಿ ಮಾಡ್ಕೋಬ್ಯಾಡ್ರಿ ಅನ್ನೋ ಅರ್ಥದ ಮಾತು ಅದರೊಳಗ ಅದ. ಅದನ್ನ ಓದಿದ ರಾತ್ರಿ ನನಗ ನಿದ್ದಿ ಬರಲಿಲ್ಲ.

ಕಾಕಾ: ಈ ಸೊಸಿ ಸಂಗತಿ ನಿನಗ ಹೇಳಿಲ್ಲ. ಹೋದ ತಿಂಗಳು ಆರು ದಿನದ ಪಗಾರ ಕಡಿದಾರ. ಆರು ದಿನಾನೂ ಹೋಗಿದ್ಲು, ನಾನೇ ಬಸ್ಸಿಗಿ ಬಿಟ್ಟು ಬಂದೀನಿ. ಹೆಬ್ಬೆರಳು ಇಟ್ರ ಯಂತ್ರ ತಗೊಳ್ಳೂದಿಲ್ಲಂತ. ಬ್ಲೀಚಿಂಗ್ ಪೌಡರಿನಾಗ ಕೈ ಆಡಿಸಿ ಆಡಿಸಿ ರೇಖಾನೇ ಅಳಿಸ್ಯಾವ. ಏಜೆನ್ಸಿಯವ ಅಂದನಂತ, ‘ಯಂತ್ರದಾಗ ಇಲ್ಲಂದ್ರ ನೀ ಬಂದಿಲ್ಲ.’ ಆಸ್ಪತ್ರಿಯವರು ಅಂದ್ರಂತ, ‘ಏಜೆನ್ಸಿನ್ನ ಕೇಳು.’

ನಾನು ಕರಡು ತೆರೆದೆ. ಹದಿನೇಳನೆಯ ಪುಟದ ಷರತ್ತು: ‘ಬಯೋಮೆಟ್ರಿಕ್ ಹಾಜರಾತಿ ಇಲ್ಲದ ದಿನಗಳಿಗೆ ಯಾವುದೇ ಪಾವತಿ ಇರುವುದಿಲ್ಲ.’ ಆಕೆ ಹೋಗುವುದು ನಮ್ಮ ಆಸ್ಪತ್ರೆಗಲ್ಲ. ಆದರೆ ಟೆಂಡರಿನ ಷರತ್ತುಗಳು ಕಚೇರಿಯಿಂದ ಕಚೇರಿಗೆ ನಕಲಾಗುತ್ತವೆ. ಈ ವಾಕ್ಯವನ್ನು ಮೂರು ವರ್ಷದ ಹಿಂದೆ ನಾನೇ ಟೈಪ್ ಮಾಡಿಸಿದ್ದೆ.

ನಾನು: ಇದನ್ನ ಹಾಕಿದ್ದು ಏಜೆನ್ಸಿ ಕಳ್ಳ ಹಾಜರಿ ಹಾಕಬಾರದು ಅಂತ ಕಾಕಾ. ಅವನಿಗಿ ಅಂತ ಎತ್ತಿದ ಕೋಲು ಆಕಿಗಿ ಬಿದ್ದದ.

ಕಾಕಾ: ಏಟು ತಿಂದಾಕಿಗಿ ಅದು ಯಾರಿಗಂತ ಎತ್ತಿದ್ದು ಅಂತ ತಿಳೀದಿಲ್ಲ.

ನಾನು: ಗುತ್ತಿಗಿದಾರ ಪಗಾರ ಕೊಡದಿದ್ರ ಮೂಲ ಧಣಿ ಕೊಟ್ಟು ಅವನಿಂದ ವಸೂಲಿ ಮಾಡ್ಕೋಬೇಕು ಅಂತ 1970ರ ಕಾಯ್ದೆಯೊಳಗೇ ಇತ್ತು, ಹೊಸ ಸಂಹಿತೆಯೊಳಗೂ ಉಳಿದದ. ಆಸ್ಪತ್ರಿಯವರು ‘ಏಜೆನ್ಸಿನ್ನ ಕೇಳು’ ಅನ್ನಲಿಕ್ಕ ಬರೂದೇ ಇಲ್ಲ. ಆಕಿ ಕಡೆಯಿಂದ ಒಂದು ಅರ್ಜಿ ನಾ ಬರೀತೀನಿ, ಇವತ್ತೇ. ನನ್ನ ಟೆಂಡರಿನೊಳಗ ಈ ಷರತ್ತು ತಗೀತೀನಿ, ಯಂತ್ರ ತಗೊಳ್ಳದಿದ್ರ ವಾರ್ಡ್ ಸಿಸ್ಟರ್ ಸಹಿ ಮಾಡಿದ ಪುಸ್ತಕ ಸಾಕು ಅಂತ ಹಾಕ್ತೀನಿ. ಪ್ರತಿ ತಿಂಗಳು ಬಿಲ್ಲಿಗಿಂತ ಮೊದಲು ಒಬ್ಬೊಬ್ಬರ ಪಿಎಫ್ ಚೀಟಿ ತೋರಸಬೇಕು ಅಂತ ಹಾಕ್ತೀನಿ. ಹುದ್ದಿ ಕೊಡೋದು ನನ್ನ ಕೈಯಾಗಿಲ್ಲ. ಖಾಲಿ ಹುದ್ದಿ ತುಂಬ್ರಿ, ಸ್ವಚ್ಛತಾ ಆಸ್ಪತ್ರಿಯ ಮೂಲ ಕೆಲಸ ಅಂತ ಟಿಪ್ಪಣಿ ಬರೆದು ಮ್ಯಾಲಕ್ಕ ಕಳಸೋದು ಕೈಯಾಗ ಅದ. ಅದನ್ನ ಇಷ್ಟು ವರ್ಷ ಮಾಡಿದ್ದಿಲ್ಲ.

ಕಾಕಾ: ಸೊಸಿ ಬರೂ ಹೊತ್ತಾತು. ಇನ್ನೇನು ಹಾಕಬೇಕು ಅಂತ ಆಕಿನ್ನೇ ಕೇಳು. 40 ಪುಟ ಬರಿಯೂ ಮುಂದ ಯಾರರೆ ಆಕಿನ್ನ ಕೇಳ್ಯಾರೇನು?

ಕೇಳಿರಲಿಲ್ಲ. ಐದೂವರೆಯ ಬಸ್ಸಿಗೆ ಇಳಿದು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಆಕೆ ಬದುವಿನ ಮೇಲೆ ನಡೆದುಬಂದಳು. ಬೆರಳ ತುದಿಗಳು ನೀರಲ್ಲಿ ನೆನೆದ ಕಾಗದದಂತೆ ಬಿಳಿಚಿಕೊಂಡಿದ್ದವು, ಉಗುರಿನ ಬುಡದಲ್ಲಿ ಚರ್ಮ ಸುಲಿದಿತ್ತು. ಕಾಗದ ತೋರಿಸಿ, ಇದರಲ್ಲಿ ಏನು ಬರೆಯಬೇಕು ಹೇಳು ಅಂದೆ. ಆಕೆ ಮೊದಲು ಕಾಕಾರ ಮುಖ ನೋಡಿದಳು, ಆಮೇಲೆ ನನ್ನದು.

ಸೊಸೆ: ಖರೇನ ಬರೀತೀರೇನ್ರಿ ಅಕ್ಕಾ?

ನಾನು: ಬರೀತೀನಿ.

ಸೊಸೆ: ಹ್ಯಾಂಡ್‌ಗ್ಲೌಸ್ ಸಣ್ಣ ಸೈಜಿನವು ತರಸ್ರಿ. ಈಗ ಕೊಡೋವು ಗಂಡಸರ ಕೈ ಅಳತಿವು. ಹಾಕ್ಕೊಂಡು ಅರಿವಿ ಹಿಂಡಿದ್ರ ಕಳಚಿ ಬಕೀಟಿನಾಗ ಬೀಳ್ತಾವ. ಅದಕ್ಕೇ ನಾವ್ಯಾರೂ ಹಾಕ್ಕೊಳ್ಳೂದಿಲ್ಲ. ‘ಕೊಟ್ಟೀವಿ’ ಅಂತ ಅವರು ಸಹಿ ತಗೋತಾರ.

ನಾನು ಪರಿಕರಗಳ ಪಟ್ಟಿ ತೆಗೆದೆ. ‘ರಬ್ಬರ್ ಕೈಗವಸು, ಜೋಡಿ’ ಎಂದಷ್ಟೇ ಇತ್ತು. ಅಳತೆಯ ಕಾಲಮ್ಮೇ ಇರಲಿಲ್ಲ. ಅಂಚಿನಲ್ಲಿ ಗೆರೆ ಎಳೆದು ಒಂದು ಕಾಲಮ್ ಮಾಡಿದೆ.

ನಾನು: ತಿಂಗಳಿಗಿ ಎಷ್ಟು ಜೋಡಿ ಬೇಕಾಗ್ತಾವ?

ಸೊಸೆ: ಎರಡು ಇದ್ರ ಸಾಕ್ರಿ. ಒಂದು ಒಣಗೋತನಕ ಇನ್ನೊಂದು.